ಪೇಟೆಯೋ ದಂಡೋ: ಬೆಂಗಳೂರಿನ ಹಳೆಯ ದಾಖಲೆಗಳಲ್ಲಿ ವ್ಯಕ್ತಿಗಳನ್ನೂ ಸಂಘ-ಸಂಸ್ಥೆಗಳನ್ನೂ ಹುಡುಕುವ ಬಗೆ

ಪತ್ರಾಗಾರದ ಕೌಂಟರಿನಲ್ಲಿ ನಿಂತು "ನಮ್ಮ ಬೀದಿಗೆ ಹೆಸರು ಕೊಟ್ಟವರ ಕಡತ ಇದೆಯೇ?" ಎಂದು ಕೇಳಿದರೆ ಬಹುಪಾಲು "ಇಲ್ಲ" ಎಂಬ ಉತ್ತರವೇ ಬರುತ್ತದೆ. ಅದು ಸುಳ್ಳೇನಲ್ಲ. ಸರ್ಕಾರಿ ದಾಖಲೆಗಳಲ್ಲಿ ಒಬ್ಬರ ಹೆಸರಿನಲ್ಲೇ ಕಡತ ಇರುವುದು ಅಪರೂಪ. ಕಡತ ಹುಟ್ಟುವುದು ಕಚೇರಿಯ ಕೆಲಸದಿಂದ. ಛತ್ರಕ್ಕೆ ಜಾಗ ಕೇಳಿದ ಅರ್ಜಿ, ಶಾಲೆಗೆ ಅನುದಾನ, ಮುನ್ಸಿಪಾಲಿಟಿಗೆ ನಾಮನಿರ್ದೇಶನ, ಬಿರುದಿಗೆ ಶಿಫಾರಸು, ರಸ್ತೆ ಅಗಲಿಸಲು ಹೋದ ಅಂಗಡಿ, ಇಂಥವುಗಳಿಂದ. ಹಾಗಾಗಿ "ಇವರು ಯಾರು?" ಎಂಬ ಪ್ರಶ್ನೆಯಿಂದ ಹುಡುಕಾಟ ಮುಂದೆ ಹೋಗುವುದಿಲ್ಲ. "ಇವರ ವಿಷಯವಾಗಿ ಯಾವ ಕಚೇರಿಗೆ, ಯಾವ ವರ್ಷ, ಏನು ಬರೆಯಬೇಕಾಗಿ ಬಂತು?" ಎಂದು ಕೇಳಿಕೊಂಡರೆ ಹೋಗುತ್ತದೆ.

ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಒಂದು ವಿಶೇಷ ತೊಡಕಿದೆ. ಬಹುಕಾಲ ಇಲ್ಲಿ ಇದ್ದದ್ದು ಒಂದು ಊರಲ್ಲ, ಎರಡು.

ಮೊದಲು ಇತ್ಯರ್ಥವಾಗಬೇಕಾದ್ದು: ಪೇಟೆಯೋ ದಂಡೋ

ಕೆಂಪೇಗೌಡರ ಪೇಟೆಯ ಪಕ್ಕದಲ್ಲಿ 1809ರಲ್ಲಿ ಬ್ರಿಟಿಷರ ದಂಡು, ಅಂದರೆ ಕಂಟೋನ್ಮೆಂಟ್, ನೆಲೆಯೂರಿತು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಆ ಐವತ್ತು ವರ್ಷ ಎರಡೂ ಭಾಗಗಳ ಕಾಗದಪತ್ರ ಕಮಿಷನರ್ ಆಡಳಿತದ ಮೂಲಕವೇ ಓಡಾಡುತ್ತಿತ್ತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಮುನ್ಸಿಪಲ್ ಆಡಳಿತ ಬಂತು. 1881ರಲ್ಲಿ ಸಂಸ್ಥಾನ ಮಹಾರಾಜರಿಗೆ ಮರಳಿದಾಗ ದಂಡುಪ್ರದೇಶ ಮಾತ್ರ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ) ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ವಾಪಸಾದದ್ದು 1947ರಲ್ಲಿ. ಎರಡು ಮುನ್ಸಿಪಾಲಿಟಿಗಳು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಇದರ ಪರಿಣಾಮ ನೇರವಾದದ್ದು. 1900ರಲ್ಲಿ ಚಿಕ್ಕಪೇಟೆಯಲ್ಲಿದ್ದ ವ್ಯಾಪಾರಿಯ ಕಾಗದ ಮೈಸೂರು ಸರ್ಕಾರದ ಸೆಕ್ರೆಟೇರಿಯಟ್ ಕಡತಗಳಲ್ಲಿರುತ್ತದೆ, ಅಂದರೆ ಇಂದಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಅದೇ ವರ್ಷ ಶಿವಾಜಿನಗರದಲ್ಲಿ, ಅಂದಿನ ಬ್ಲ್ಯಾಕ್‌ಪಲ್ಲಿಯಲ್ಲಿ, ಇದ್ದ ವ್ಯಾಪಾರಿಯ ಕಾಗದ ರೆಸಿಡೆನ್ಸಿ ದಾಖಲೆಗಳಲ್ಲಿರುತ್ತದೆ. ಅದರ ದೊಡ್ಡ ಪಾಲು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇದೆ. ಇಬ್ಬರ ಅಂಗಡಿಗಳ ನಡುವೆ ಇದ್ದದ್ದು ಕಾಲ್ನಡಿಗೆಯ ದೂರ ಅಷ್ಟೇ. ತಿಂಗಳುಗಟ್ಟಲೆ ತಪ್ಪು ಕಟ್ಟಡದಲ್ಲಿ ಕೂತು ಹುಡುಕುವವರ ಸಮಸ್ಯೆ ಹೆಚ್ಚಾಗಿ ಇಲ್ಲೇ ಇರುತ್ತದೆ.

ಸ್ಥೂಲವಾಗಿ ಹೇಳುವುದಾದರೆ ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ, ನಗರ್ತಪೇಟೆ, ಆಮೇಲೆ ಬೆಳೆದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಮೈಸೂರು ಕಡೆ. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚ್ಮಂಡ್ ಟೌನ್ ಮತ್ತು ಇಂದಿನ ಮಹಾತ್ಮ ಗಾಂಧಿ ರಸ್ತೆ (ಆಗ ಸೌತ್ ಪೆರೇಡ್) ದಂಡಿನ ಕಡೆ. ಒಬ್ಬರೇ ಎರಡೂ ಕಡೆ ಆಸ್ತಿ ಇಟ್ಟುಕೊಂಡಿದ್ದರೆ ಎರಡೂ ಕಡೆ ಹುಡುಕಬೇಕು.

ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಅಠಾರಾ ಕಚೇರಿ (ಇಂದಿನ ಹೈಕೋರ್ಟ್ ಕಟ್ಟಡ) ಕಟ್ಟಿದ ಕಂಟ್ರಾಕ್ಟರ್ ಅವರು. ದಂಡಿನಲ್ಲಿ 1873ರಲ್ಲಿ ಶಾಲೆ ತೆರೆದವರೂ ಅವರೇ. ಕಟ್ಟಡದ ಲೆಕ್ಕ ಕಮಿಷನರ್ ಕಾಲದ ಲೋಕೋಪಯೋಗಿ ಕಾಗದಗಳಲ್ಲಿ ಸಿಕ್ಕರೆ, ಶಾಲೆಯ 1881ರ ನಂತರದ ಸಂಗತಿಗಳಿಗೆ ರೆಸಿಡೆನ್ಸಿ ಕಡೆ ಹೋಗಬೇಕು.

ಹೋಗುವ ಮುಂಚೆ ಒಂದು ಹಾಳೆ

ಓದುವ ಕೋಣೆಗೆ ಕಾಲಿಡುವ ಮೊದಲು ಮನೆಯಲ್ಲೇ ಕೂತು ಒಂದು ಹಾಳೆ ತುಂಬಿಸಿ. ಅದರಲ್ಲಿ ಇರಬೇಕಾದ್ದು: ಹೆಸರಿನ ಎಲ್ಲ ರೂಪಗಳು, ಬಿರುದುಗಳು, ಅಂದಿನ ವಿಳಾಸ, ಬದುಕಿದ್ದ ಅಥವಾ ಸಂಸ್ಥೆ ನಡೆದ ಅಂದಾಜು ಕಾಲ, ಮತ್ತು ಸರ್ಕಾರದ ಜತೆ ವ್ಯವಹಾರ ಬಂದಿರಬಹುದಾದ ಐದಾರು ಸಂದರ್ಭಗಳು.

ಹೆಸರಿನ ರೂಪಗಳ ವಿಷಯದಲ್ಲಿ ಜುಗ್ಗತನ ಬೇಡ. ಸೂಚಿಗಳು, ಅಂದರೆ ಪತ್ರಾಗಾರದ ಕಡತಗಳ ಪಟ್ಟಿಗಳು, ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ, ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಶೆಟ್ಟಿ ಎಂಬುದು ಚೆಟ್ಟಿ, ಸೆಟ್ಟಿ, ಶೆಟ್ಟಿ ಎಂದು ಮೂರು ಥರ ಬರುತ್ತದೆ, ಹಾಗಾಗಿ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ 'ಸಿ'ಯಲ್ಲೂ ನೋಡಬೇಕು, 'ಎಸ್'ನಲ್ಲೂ ನೋಡಬೇಕು. ಮೊದಲಿಯಾರ್, ಮುದಲಿಯಾರ್, ಮೂಡೇಲಿಯರ್ ಒಂದೇ. ಸೇಠ್ ಎಂಬುದಕ್ಕೆ ಸೇಟ್, ಸೈಟ್ ರೂಪಗಳಿವೆ. ಘೋಷಾ ಆಸ್ಪತ್ರೆಯ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠರನ್ನು ಹುಡುಕುವವರು 'ಹಾಜಿ', 'ಇಸ್ಮಾಯಿಲ್', 'ಸೇಠ್' ಮೂರರಡಿಯೂ ನೋಡಬೇಕು. ಇನಿಷಿಯಲ್ ಕೆಲವೊಮ್ಮೆ ಊರಿನದು, ಕೆಲವೊಮ್ಮೆ ತಂದೆಯದು. ಒಂದು ಕಡತದಲ್ಲಿದ್ದ ಇನಿಷಿಯಲ್ ಇನ್ನೊಂದರಲ್ಲಿ ಮಾಯವಾಗಿರುತ್ತದೆ.

ಬಿರುದುಗಳು ಕಾಲ ಗುರುತಿಸಲು ಒಳ್ಳೆಯ ಸಾಧನ. ರಾವ್ ಬಹದ್ದೂರ್, ದಿವಾನ್ ಬಹದ್ದೂರ್, ಸರ್ ಇವು ಬ್ರಿಟಿಷ್ ಸರ್ಕಾರದ್ದು. ರಾಜಸಭಾಭೂಷಣದಂಥವು ಮೈಸೂರು ಅರಮನೆಯದ್ದು. ರಾಜಸಭಾಭೂಷಣ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟರ ಹೆಸರಿನ ಹಿಂದೆ 'ಸರ್' ಇಲ್ಲದ ಕಡತ ಕಂಡರೆ ಅದು ಆ ಗೌರವ ಬರುವ ಮೊದಲಿನದು ಎಂದು ತಕ್ಷಣ ಹೇಳಬಹುದು. ಬಿರುದು ಕೊಟ್ಟ ವರ್ಷದ ಹಿಂದುಮುಂದಿನ ಕಡತಗಳನ್ನು ಬಿಡಬೇಡಿ. ಶಿಫಾರಸು ಪತ್ರದಲ್ಲಿ ಅವರ ದಾನಧರ್ಮ, ಆಸ್ತಿ, ಸಾರ್ವಜನಿಕ ಕೆಲಸಗಳ ಸಂಕ್ಷಿಪ್ತ ಪಟ್ಟಿ ಸಿಗುವ ಸಂಭವ ಹೆಚ್ಚು. ಹೊಗಳಿಕೆ ಸ್ವಲ್ಪ ಕಳೆದು ಓದಬೇಕು, ಅಷ್ಟೆ.

ಸಂಘಗಳ ಹೆಸರೂ ಬದಲಾಗುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಆರಂಭದಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು. ಇಂದಿನ ಹೆಸರನ್ನೇ ಹಿಡಿದು ಆ ಕಾಲದ ಸೂಚಿ ನೋಡಿದರೆ ಏನೂ ಸಿಗುವುದಿಲ್ಲ.

ಅಚ್ಚಾದದ್ದರಿಂದ ಶುರು

ಕೈಬರಹದ ಕಡತಕ್ಕೆ ನುಗ್ಗುವ ಮೊದಲು ಅಚ್ಚಾದ ಸರ್ಕಾರಿ ಪ್ರಕಟಣೆಗಳನ್ನು ಮುಗಿಸಿ. ಮೂರು ಸಾಲುಗಳು ಮುಖ್ಯ.

ಮೊದಲನೆಯದು ಮೈಸೂರು ಗೆಜೆಟ್. ನೇಮಕ, ವರ್ಗ, ರಜೆ, ಬಿರುದು, ಮುನ್ಸಿಪಲ್ ಸದಸ್ಯತ್ವ, ಭೂಸ್ವಾಧೀನದ ಪ್ರಕಟಣೆ ಎಲ್ಲ ಇದರಲ್ಲಿದೆ. ಭೂಸ್ವಾಧೀನದ ಪ್ರಕಟಣೆಯಲ್ಲಿ ಜಾಗದ ಮಾಲೀಕರ ಹೆಸರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರುವುದರಿಂದ ಸಾಮಾನ್ಯ ಜನರ ಹೆಸರು ಸಿಗುವ ಅಪರೂಪದ ಜಾಗ ಅದು. ಎರಡನೆಯದು 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು. ಯಾವ ಸದಸ್ಯರು ಯಾವ ಅಹವಾಲು ಎತ್ತಿದರು, ದಿವಾನರು ಏನು ಉತ್ತರ ಕೊಟ್ಟರು ಎಂಬುದು ಅಲ್ಲಿದೆ. ಮೂರನೆಯದು ವಾರ್ಷಿಕ ಆಡಳಿತ ವರದಿಗಳು. ಇವುಗಳಲ್ಲಿ ವ್ಯಕ್ತಿಗಳು ಕಡಿಮೆ, ಸಂಸ್ಥೆಗಳು ಹೆಚ್ಚು. ಗ್ರಂಥಾಲಯ, ಶಾಲೆ, ಸಹಕಾರ ಸಂಘ, ಆಸ್ಪತ್ರೆಗಳಿಗೆ ಕೊಟ್ಟ ಅನುದಾನ ಗೊತ್ತಾಗುತ್ತದೆ.

ಇವನ್ನು ಓದುವಾಗ ನೆನಪಿಡಿ: ಮೈಸೂರು ಸರ್ಕಾರದ ಆಡಳಿತ ವರ್ಷ ಜುಲೈಯಿಂದ ಜೂನ್‌ವರೆಗೆ. 1916-17ರ ವರದಿಯಲ್ಲಿ 1917ರ ಆಗಸ್ಟಿನ ಘಟನೆ ಇರುವುದಿಲ್ಲ. ಮುಂದಿನ ಸಂಪುಟ ತೆಗೆಯಬೇಕು.

ವಿಧಾನಸೌಧದ ಸಚಿವಾಲಯ ಗ್ರಂಥಾಲಯ ಮತ್ತು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯ ಈ ಹಂತಕ್ಕೆ ಎಡತಾಕಬೇಕಾದ ಜಾಗಗಳು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಗ್ರಂಥಾಲಯವೂ ಒಮ್ಮೆ ನೋಡುವಂಥದ್ದು.

ರಾಜ್ಯ ಪತ್ರಾಗಾರದಲ್ಲಿ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ 1973ರಲ್ಲಿ ಆರಂಭವಾಯಿತು. ಕೇಂದ್ರ ಕಚೇರಿ ವಿಧಾನಸೌಧದಲ್ಲಿ, ವಿಭಾಗೀಯ ಕಚೇರಿಗಳು ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ. ವಿಧಾನಸೌಧಕ್ಕೆ ಭದ್ರತಾ ತಪಾಸಣೆ ಇರುವುದರಿಂದ ಮೊದಲೇ ಫೋನ್ ಮಾಡಿ, ಓದುವ ಕೋಣೆ ಎಂದು ತೆರೆದಿರುತ್ತದೆ, ಯಾವ ಗೇಟಿನಿಂದ ಬರಬೇಕು ಎಂದು ಕೇಳಿಕೊಳ್ಳಿ. ಅಧಿವೇಶನದ ದಿನಗಳಲ್ಲಿ ಹೋಗದಿದ್ದರೆ ವಾಸಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಪ್ರತಿ, ಎರಡು ಫೋಟೋ, ವಿಶ್ವವಿದ್ಯಾಲಯದಿಂದಲೋ ಸಂಘದಿಂದಲೋ ಒಂದು ಪರಿಚಯ ಪತ್ರ, ವಿಷಯ ಮತ್ತು ಕಾಲಾವಧಿ ನಮೂದಿಸಿದ ಅರ್ಜಿ ಜತೆಗಿರಲಿ. ಅರ್ಜಿಯಲ್ಲಿ "ಬೆಂಗಳೂರಿನ ಇತಿಹಾಸ" ಎಂದು ಬರೆಯಬೇಡಿ. "1900ರಿಂದ 1935ರವರೆಗೆ ಬೆಂಗಳೂರು ಪೇಟೆಯ ಛತ್ರಗಳು ಮತ್ತು ಅವುಗಳ ದಾನಿಗಳು" ಎಂದು ಬರೆದರೆ ಸಿಬ್ಬಂದಿಗೆ ಯಾವ ಸೂಚಿ ಕೊಡಬೇಕೆಂದು ತಿಳಿಯುತ್ತದೆ. ಪೆನ್ನು ಒಳಗೆ ಬೇಡ, ಪೆನ್ಸಿಲ್ ತನ್ನಿ.

ಸೂಚಿಗಳು ಇಲಾಖೆ ಅಥವಾ ಶಾಖೆಯ ಪ್ರಕಾರ, ಅದರೊಳಗೆ ವರ್ಷದ ಪ್ರಕಾರ ಇರುತ್ತವೆ. ಮುನ್ಸಿಪಲ್, ಶಿಕ್ಷಣ, ವೈದ್ಯಕೀಯ, ಪ್ಲೇಗ್, ಮುಜರಾಯಿ (ದೇವಸ್ಥಾನ, ಛತ್ರಗಳ ಶಾಖೆ), ಕಂದಾಯ, ಕಾನೂನು, 'ಜನರಲ್ ಮಿಸಲೇನಿಯಸ್' ಹೀಗೆ. ನಿಮ್ಮ ಹಾಳೆಯಲ್ಲಿ ಬರೆದ ಸಂದರ್ಭಗಳನ್ನು ಈಗ ಈ ಶಾಖೆಗಳಿಗೆ ಹೊಂದಿಸಬೇಕು. ಗುಬ್ಬಿ ತೋಟದಪ್ಪನವರಂಥ ಛತ್ರದ ದಾನಿ ಎಂದರೆ ಮುಜರಾಯಿ, ಮುನ್ಸಿಪಲ್, ಕಂದಾಯ ಮೂರೂ. 1913ರ ಮಹಿಳಾ ಸೇವಾ ಸಮಾಜದಂಥ ಸಂಸ್ಥೆಗೆ ಶಿಕ್ಷಣ ಶಾಖೆಯ ಅನುದಾನದ ಕಡತಗಳು. 1906ರ ಒಕ್ಕಲಿಗರ ಸಂಘದಂಥವಕ್ಕೆ ವಿದ್ಯಾರ್ಥಿವೇತನ, ಹಾಸ್ಟೆಲ್ ಜಾಗ, ಜತೆಗೆ ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ವಿಷಯವಾಗಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಸುತ್ತಲಿನ ಕಾಗದಗಳು. 'ಜನರಲ್ ಮಿಸಲೇನಿಯಸ್' ಎಂಬುದನ್ನು ಕಸದ ಬುಟ್ಟಿ ಎಂದು ಬಿಡುವವರಿದ್ದಾರೆ. ಸನ್ಮಾನ, ಪ್ರದರ್ಶನ, ಬಿನ್ನವತ್ತಳೆ, ಸಂಘಗಳ ಮನವಿಯಂಥ ಎಲ್ಲಿಗೂ ಸೇರದ ಕಾಗದಗಳು ಬಂದು ಬೀಳುತ್ತಿದ್ದದ್ದು ಅಲ್ಲಿಯೇ. ಸ್ಥಳೀಯ ಸಂಸ್ಥೆಗಳನ್ನು ಹುಡುಕುವವರು ಅಲ್ಲಿಂದಲೇ ಶುರುಮಾಡಿದರೂ ತಪ್ಪಿಲ್ಲ.

ಸೂಚಿಯಲ್ಲಿ ಕಡತದ ಸಂಖ್ಯೆ, ವರ್ಷ, ಒಳಗಿನ ಕ್ರಮಸಂಖ್ಯೆಗಳು ಮತ್ತು ಒಂದು ಸಾಲಿನ ವಿಷಯ ಇರುತ್ತದೆ. ಆ ಒಂದು ಸಾಲನ್ನು ನಂಬಿ ಕಡತ ಬಿಟ್ಟುಬಿಡಬೇಡಿ. "ನಗರದ ಮಾರುಕಟ್ಟೆಯ ವಿಷಯ" ಎಂದಷ್ಟೇ ಇರುವ ಕಡತದೊಳಗೆ ನಲವತ್ತು ವ್ಯಾಪಾರಿಗಳ ಸಹಿಯ ಮನವಿ ಇರಬಹುದು. ನಾವು ಹುಡುಕುವ ಸಂಘ ಸಾಮಾನ್ಯವಾಗಿ ಇರುವುದು ಇಂಥ ಸಹಿಗಳ ನಡುವೆ.

ಬೇಡಿಕೆ ಚೀಟಿಯಲ್ಲಿ ನಾಲ್ಕನ್ನೂ ಬರೆಯಿರಿ: ಶಾಖೆ, ಕಡತ ಸಂಖ್ಯೆ, ವರ್ಷ, ಕ್ರಮಸಂಖ್ಯೆ. ವರ್ಷ ತಪ್ಪಿದರೆ ಅದೇ ಸಂಖ್ಯೆಯ ಬೇರೊಂದು ಕಡತ ಬರುತ್ತದೆ, ದಿನ ವ್ಯರ್ಥ. "ಸಿಗಲಿಲ್ಲ" ಎಂಬ ಶರಾದೊಂದಿಗೆ ಚೀಟಿ ವಾಪಸ್ ಬಂದರೆ ಎದೆಗುಂದಬೇಡಿ. ಹಿಂದೆಯೇ ಒಂದು ಕಡತವನ್ನು ಇನ್ನೊಂದರೊಳಗೆ ಸೇರಿಸಿ ಕಟ್ಟಿರುವುದುಂಟು. ಆ ವಿಷಯದ ಹಿಂದಿನ ಮತ್ತು ಮುಂದಿನ ಎರಡು-ಮೂರು ವರ್ಷಗಳ ಕಡತ ತರಿಸಿ ಮೊದಲ ಪುಟದಲ್ಲಿ ಹಿಂದಿನ ಉಲ್ಲೇಖಗಳಿವೆಯೇ ನೋಡಿ.

ಕಡತ ಕೈಗೆ ಬಂದ ಮೇಲೆ ಓದಬೇಕಾದ ಕ್ರಮವೇ ಬೇರೆ. ಹೆಚ್ಚಿನವರು ಕೊನೆಯ ಸರ್ಕಾರಿ ಆದೇಶ ನೋಡಿ ಫೋಟೋ ತೆಗೆದುಕೊಂಡು ಎದ್ದುಬಿಡುತ್ತಾರೆ. ಆದೇಶದಲ್ಲಿ ಇರುವುದು ತೀರ್ಮಾನ ಮಾತ್ರ. ಮನುಷ್ಯರು ಇರುವುದು ಟಿಪ್ಪಣಿ ಹಾಳೆಗಳಲ್ಲಿ ಮತ್ತು ಪತ್ರವ್ಯವಹಾರದಲ್ಲಿ. ಗುಮಾಸ್ತ ವಿಷಯ ಮಂಡಿಸುತ್ತಾನೆ, ಮೇಲಧಿಕಾರಿ ಅಂಚಿನಲ್ಲಿ ಒಂದು ಶರಾ ಹಾಕುತ್ತಾನೆ, ಡೆಪ್ಯುಟಿ ಕಮಿಷನರ್ ಬಳಿಯಿಂದ ವರದಿ ಬರುತ್ತದೆ, ಅದಕ್ಕೆ ಅಮಲ್ದಾರರ (ತಾಲ್ಲೂಕಿನ ಅಧಿಕಾರಿಯ) ಕನ್ನಡ ಜವಾಬು ಅಂಟಿಸಿರುತ್ತಾರೆ. ಸಂಘದ ಮೂಲ ಅರ್ಜಿ ಇರುವುದು ಕಡತದ ತಳದಲ್ಲಿ. ಅದರ ಮೇಲೆ ಸಂಘದ ಲೆಟರ್‌ಹೆಡ್ ಇದ್ದರೆ ಅಧ್ಯಕ್ಷರು, ಕಾರ್ಯದರ್ಶಿ, ವಿಳಾಸ ಒಮ್ಮೆಲೇ ಸಿಕ್ಕಂತೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಿ.

ಆದೇಶದ ಸಂಖ್ಯೆಯನ್ನೂ ಪೂರ್ತಿ ನಕಲು ಮಾಡಿಕೊಳ್ಳಿ. ಬಹಳಷ್ಟು ಆದೇಶಗಳಲ್ಲಿ ಸಂಖ್ಯೆಯ ಕೊನೆಯ ಭಾಗ ಶಾಖೆಯ ಸಂಕ್ಷೇಪ, ಕಡತದ ಸಂಖ್ಯೆ, ವರ್ಷ, ಕ್ರಮಸಂಖ್ಯೆ ಎಂಬ ವರಸೆಯಲ್ಲಿರುತ್ತದೆ. ಮಾದರಿಗೆ, 'ಮುನಿ. 40-17-3' ಎಂದಿದ್ದರೆ ಮುನ್ಸಿಪಲ್ ಶಾಖೆಯ 1917ರ 40ನೆಯ ಕಡತದ 3ನೆಯ ಕಾಗದ ಎಂದರ್ಥ. ಗೆಜೆಟಿನಲ್ಲೋ ವರದಿಯ ಅಡಿಟಿಪ್ಪಣಿಯಲ್ಲೋ ಇಂಥ ಸಂಖ್ಯೆ ಕಂಡರೆ ಸೂಚಿ ನೋಡದೆಯೇ ನೇರ ಕಡತ ಕೇಳಬಹುದು.

ಹಾಳೆ ಮಗುಚುವಾಗ ಮೂಲೆ ಹಿಡಿಯಬೇಡಿ, ಪುಡಿಯಾಗುತ್ತದೆ. ಅಂಗೈಯನ್ನು ಹಾಳೆಯಡಿ ತೂರಿಸಿ ತಿರುವಬೇಕು. ಬೆರಳಿಗೆ ಎಂಜಲು ಹಚ್ಚುವುದು ಖಂಡಿತ ಕೂಡದು. ಟ್ಯಾಗ್ ಬಿಚ್ಚಿದರೆ ಅದೇ ವರಸೆಯಲ್ಲಿ ಮತ್ತೆ ಪೋಣಿಸಿ.

ದಂಡಿನ ಕಡೆಯವರಿಗೆ

1881ರಿಂದ 1947ರವರೆಗಿನ ದಂಡಿನ ಜನರಿಗೆ ಮೊದಲ ಮೆಟ್ಟಿಲು ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಜಾಲತಾಣ. ನೋಂದಣಿ ಮಾಡಿಕೊಂಡು ಮನೆಯಲ್ಲೇ ಹುಡುಕಬಹುದು. ಸ್ಕ್ಯಾನ್ ಆಗಿರುವ ಕಡತಗಳನ್ನು ಅಲ್ಲೇ ಓದಬಹುದು. ಹುಡುಕಾಟ ನಡೆಯುವುದು ಕಡತದ ಶೀರ್ಷಿಕೆಯ ಮೇಲೆ, ಒಳಗಿನ ಬರಹದ ಮೇಲಲ್ಲ. ಹಾಗಾಗಿ ವ್ಯಕ್ತಿಯ ಹೆಸರು ಹಾಕಿ ಸುಮ್ಮನಾಗದೆ 'ಮೈಸೂರು ರೆಸಿಡೆನ್ಸಿ', 'ಬ್ಯಾಂಗಲೋರ್', 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಪದಗಳ ಜತೆ ವಿಷಯ ಸೇರಿಸಿ ನೋಡಿ: ಮಾರುಕಟ್ಟೆ, ಆಸ್ಪತ್ರೆ, ಪರವಾನಗಿ, ಮಸೀದಿ, ಕ್ಲಬ್. ಊರಿನ ಹೆಸರನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಕೊಡಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ದೇಶೀ ಸಂಸ್ಥಾನಗಳ ರೆಸಿಡೆನ್ಸಿ ಕಾಗದಗಳು 'ಆರ್/2' ಎಂಬ ಸರಣಿಯಲ್ಲಿವೆ. ದೆಹಲಿ, ಲಂಡನ್ ಎಂದು ಓಡುವ ಮೊದಲು ಬೆಂಗಳೂರಿನ ಪತ್ರಾಗಾರದ ಸೂಚಿಗಳಲ್ಲಿ ರೆಸಿಡೆನ್ಸಿಯ ಕಾಗದ ಏನಿದೆ ಎಂದೂ ಕೇಳಿ.

ಕ್ರೈಸ್ತ ಕುಟುಂಬಗಳಿಗೆ ಬೇರೆಯೇ ದಾರಿಯಿದೆ. ಬೆಂಗಳೂರು ದಂಡಿನ ಚರ್ಚುಗಳು ಮದ್ರಾಸಿನ ವ್ಯಾಪ್ತಿಗೆ ಬರುತ್ತಿದ್ದುದರಿಂದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯ 'ಎನ್/2' ಎಂಬ ಮದ್ರಾಸ್ ಸರಣಿಯಲ್ಲಿವೆ. ಬಂಗಾಳದ್ದು 'ಎನ್/1', ಬೊಂಬಾಯಿಯದ್ದು 'ಎನ್/3'. ಅವುಗಳಲ್ಲಿ ಹುಡುಕಿ ಕೂರಬೇಡಿ. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಕನ್ನಡ, ತಮಿಳು ಕ್ರೈಸ್ತರಿಗೆ ಆಯಾ ಚರ್ಚಿನ ಮೂಲ ರಿಜಿಸ್ಟರೇ ಗತಿ. ಮಿಷನ್ ಶಾಲೆಗಳ ಶಿಕ್ಷಕರು, ಉಪದೇಶಕರಿಗಾಗಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್‌ಗಳ ಕಾಗದಪತ್ರ ಲಂಡನ್ನಿನ ಸೋಯಸ್ (SOAS) ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿದೆ.

ವಿಜ್ಞಾನಿಗಳು ಮತ್ತು ಪ್ರಯೋಗಾಲಯಗಳ ಜನರಿಗಾದರೆ ಪೇಟೆ-ದಂಡಿನ ಗೊಡವೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪತ್ರಾಗಾರ ಮತ್ತು ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲಿ 2019ರಲ್ಲಿ ತೆರೆದ ಪತ್ರಾಗಾರಕ್ಕೆ ನೇರ ಬರೆಯಬಹುದು.

ಸಂಘದ ನೋಂದಣಿ ಮತ್ತು ಸಂಘದ ಬೀರು

ಹಳೆಯ ಸಂಘಗಳ ನೋಂದಣಿ 1904ರ ಮೈಸೂರು ಕಾಯಿದೆಯಡಿ, 1960ರ ನಂತರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ. ಸಹಕಾರ ಸಂಘಗಳದ್ದು ಬೇರೆ, 1905ರಿಂದ. ನೋಂದಣಿ ಕಡತದಲ್ಲಿ ನಿಯಮಾವಳಿ, ಮೊದಲ ಕಾರ್ಯಕಾರಿ ಸಮಿತಿಯ ಹೆಸರು-ಉದ್ಯೋಗ-ವಿಳಾಸ ಇರಬೇಕು. ಕಚೇರಿಯಲ್ಲಿ ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. "ಎಲ್ಲ ದಾಖಲೆ ಕೊಡಿ" ಎಂದರೆ ತಿರಸ್ಕಾರ ಖಚಿತ. ನೋಂದಣಿ ಸಂಖ್ಯೆ, ವರ್ಷ, ಬೇಕಾದ ಕಾಗದದ ಹೆಸರು ಬರೆಯಿರಿ.

ಸಂಘದ ಸ್ವಂತ ಕಾಗದಗಳು ಇನ್ನೂ ಬೆಲೆಯುಳ್ಳವು. ಕಾರ್ಯದರ್ಶಿಗಳನ್ನು ಭೇಟಿ ಮಾಡಿ "ಹಳೆಯ ದಾಖಲೆ ಇದೆಯಾ ಸರ್?" ಎಂದರೆ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತಂದುಕೊಡುತ್ತಾರೆ. ಅದನ್ನು ಸಂತೋಷದಿಂದ ತೆಗೆದುಕೊಂಡು, ಹೆಸರು ಹಿಡಿದು ಕೇಳಿ: ನಡವಳಿ ಪುಸ್ತಕ, ಸದಸ್ಯತ್ವ ರಿಜಿಸ್ಟರ್, ರಸೀದಿ ಪುಸ್ತಕದ ಅಡಿಪ್ರತಿ, ಕಿರ್ದಿ-ಖಾತೆ, ಆಡಿಟ್ ವರದಿ, ಕಟ್ಟಡದ ಕ್ರಯಪತ್ರ, ಸಂದರ್ಶಕರ ಪುಸ್ತಕ. ಸ್ಮರಣ ಸಂಚಿಕೆಯಲ್ಲಿ ಎಲ್ಲರೂ ಒಮ್ಮತದಿಂದ ಇರುತ್ತಾರೆ. ಜಗಳ ಇರುವುದು ನಡವಳಿ ಪುಸ್ತಕದಲ್ಲಿ.

ಬರಹ, ತಾರೀಖು, ಹಣ

ಹತ್ತೊಂಬತ್ತನೆಯ ಶತಮಾನದ ಕನ್ನಡ ಕಾಗದ ಅಚ್ಚಿನ ಅಕ್ಷರಕ್ಕೆ ಒಗ್ಗಿದ ಕಣ್ಣಿಗೆ ಮೊದಲು ಗೊತ್ತೇ ಆಗುವುದಿಲ್ಲ. ಪದಗಳ ನಡುವೆ ತೆರಪಿಲ್ಲ, ಒತ್ತಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೋಡಿ ಬರಹದಲ್ಲಂತೂ ಲೇಖನಿಯನ್ನು ಎತ್ತದೆ ಎಳೆದಿರುತ್ತಾರೆ. ಮರಾಠಿಯಲ್ಲಿರುವ ಕಾಗದಗಳೂ ಎದುರಾಗುತ್ತವೆ. ವರ್ತಕ ಮನೆತನಗಳಲ್ಲಿ ಮತ್ತು ಮಠಗಳಲ್ಲಿ ಬಟ್ಟೆಯ ಕಡತ ಸಿಕ್ಕರೆ ಜಾಗ್ರತೆ: ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಅದು. ಒದ್ದೆ ಕೈ ತಾಗಿದರೆ ಅಕ್ಷರ ಅಳಿಸುತ್ತದೆ. ಮಡಿಕೆಯನ್ನು ಇದ್ದಂತೆಯೇ ಬಿಚ್ಚಿ, ಉಲ್ಟಾ ಮಡಚಬೇಡಿ, ಲೇಪ ಬಿರುಕು ಬಿಡುತ್ತದೆ.

ಓದಲು ಆಗದಿದ್ದಾಗ ಆದಿಯಿಂದ ಕಷ್ಟಪಡುವ ಬದಲು ಗೊತ್ತಿರುವ ಕಡೆಯಿಂದ ಹಿಡಿಯಿರಿ. ಒಕ್ಕಣೆಗಳು ಎಲ್ಲ ಕಾಗದದಲ್ಲೂ ಒಂದೇ ಥರ, ತಾರೀಖು ಮತ್ತು ಸಹಿಯ ಜಾಗ ನಿಶ್ಚಿತ. ಅವುಗಳಿಂದ ಆ ಕೈಯ 'ಸ', 'ಮ', 'ರ' ಗುರುತಿಸಿ ಒಂದು ಅಕ್ಷರಪಟ್ಟಿ ಮಾಡಿಕೊಂಡರೆ ಉಳಿದದ್ದು ಮೆಲ್ಲಗೆ ತೆರೆದುಕೊಳ್ಳುತ್ತದೆ.

ತಾರೀಖಿನ ಜಾಗದಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಹೀಗೆ ಮಾಡಿ. ಪ್ರಭವವನ್ನು 1 ಎಂದು ಎಣಿಸಿ ಆ ಸಂವತ್ಸರದ ಕ್ರಮಸಂಖ್ಯೆ ಹಿಡಿಯಿರಿ, ಅದಕ್ಕೆ 1806, 1866 ಅಥವಾ 1926 ಕೂಡಿಸಿ. ಧಾತು 10ನೆಯದು, 1866 ಕೂಡಿದರೆ 1876, ಅಂದರೆ ಹಿರಿಯರು ಹೇಳುವ ಧಾತು-ಈಶ್ವರದ ಬರ. ಲೆಕ್ಕ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ರಾಕ್ಷಸ 49ನೆಯದು, ಅದು 1915. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ಕಾಗದ ಬಹುಮಟ್ಟಿಗೆ ಮುಂದಿನ ಇಸವಿಗೆ ಬೀಳುತ್ತದೆ. ಅರವತ್ತು ವರ್ಷದ ಸುತ್ತು ಯಾವುದೆಂದು ತೀರ್ಮಾನಿಸಲು ಕಾಗದದಲ್ಲಿರುವ ಅಧಿಕಾರಿಯ ಹುದ್ದೆ, ಸ್ಟಾಂಪಿನ ಮುದ್ರೆ ನೋಡಿ.

ಹಣದ ಅಂಕಣದಲ್ಲಿ 12-8-6 ಎಂದಿದ್ದರೆ ಹನ್ನೆರಡು ರೂಪಾಯಿ, ಎಂಟಾಣೆ, ಆರು ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇದನ್ನು ದಶಮಾಂಶಕ್ಕೆ ಬದಲಿಸಿ ಬರೆದುಕೊಳ್ಳಬೇಡಿ, ಇದ್ದಂತೆ ನಕಲು ಮಾಡಿ.

ಕಡತ ಹೆಸರು ಹೇಳದವರು

ಸಹಿ ಹಾಕಬಲ್ಲ, ಆಸ್ತಿಯುಳ್ಳ ಗಂಡಸರ ಹೆಸರೇ ಕಡತಗಳ ತುಂಬ. ಹೆಂಗಸರು 'ಇಂಥವರ ಪತ್ನಿ', 'ದಿವಂಗತ ಇಂಥವರ ವಿಧವೆ' ಎಂದು ಬರುತ್ತಾರೆ. ಆದ್ದರಿಂದ ಗಂಡನ, ತಂದೆಯ ಹೆಸರಿನಲ್ಲೂ ಹುಡುಕಬೇಕಾಗುತ್ತದೆ. ಪಿಂಚಣಿ ಅರ್ಜಿ, ಶಾಲೆಯ ಅನುದಾನ, ಸೂಲಗಿತ್ತಿಯರ ತರಬೇತಿಯ ಕಾಗದಗಳಲ್ಲಿ ಅವರ ಸ್ವಂತ ಹೆಸರು ಹೊರಬರುವುದುಂಟು. ಜಾಡಮಾಲಿಗಳು, ಗಾರೆ ಕೆಲಸದವರು, ಗಿರಣಿ ಕಾರ್ಮಿಕರಿಗೆ ಮುನ್ಸಿಪಲ್ ಸಂಬಳದ ಪಟ್ಟಿ, ಮುಷ್ಕರದ ವರದಿ, 1898ರ ಪ್ಲೇಗಿನ ಸಂದರ್ಭದ ಕಡತಗಳನ್ನು ಜಾಲಾಡಿ. ಸಿಗುವುದು ಒಂದು ಸಾಲೇ ಇರಬಹುದು. ಆ ಸಾಲನ್ನು ಪುಟಸಂಖ್ಯೆ ಸಮೇತ ಎತ್ತಿಟ್ಟುಕೊಳ್ಳಿ.

ಸಿಕ್ಕಿದ್ದನ್ನು ನಮೂದು ಮಾಡುವುದು

ಫೋಟೋಗೆ ಅನುಮತಿ ಇದ್ದರೆ ಮೊದಲ ಚಿತ್ರ ಕಡತದ ಹೊದಿಕೆಯದೇ ಆಗಿರಲಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಇನ್ನೂರು ಚಿತ್ರಗಳಲ್ಲಿ ಯಾವುದು ಯಾವ ಕಡತದ್ದೋ ಬ್ರಹ್ಮನಿಗೂ ತಿಳಿಯದು. ಫ್ಲಾಶ್ ಬೇಡ. ಪ್ರತಿ ಉಲ್ಲೇಖಕ್ಕೂ ಪತ್ರಾಗಾರ, ಶಾಖೆ, ಕಡತ, ವರ್ಷ, ಕ್ರಮಸಂಖ್ಯೆ, ಪುಟ ಇವಿಷ್ಟನ್ನೂ ಅಂದೇ ಬರೆಯಿರಿ.

ಆಮೇಲೆ ಪ್ರತಿ ವ್ಯಕ್ತಿಗೆ ಅಥವಾ ಸಂಸ್ಥೆಗೆ ಒಂದು ಪರಿಚಯ ನಮೂದು ಸಿದ್ಧಪಡಿಸಿ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಇದಕ್ಕೆಂದೇ ಒಂದು ಮಾನಕ ರೂಪಿಸಿದೆ, ಅದರ ಎರಡನೆಯ ಆವೃತ್ತಿ 2004ರದ್ದು. ಸಂಸ್ಥೆ, ವ್ಯಕ್ತಿ, ಕುಟುಂಬ ಈ ಮೂರಕ್ಕೂ ಅದು ಹೊಂದುತ್ತದೆ. ಅದನ್ನು ಪೂರ್ತಿ ಪಾಲಿಸದಿದ್ದರೂ ತಿರುಳು ಇಷ್ಟು: ಅಧಿಕೃತ ಹೆಸರು, ಇತರ ಹೆಸರು ಮತ್ತು ಕಾಗುಣಿತಗಳು, ಕಾಲ, ಸ್ಥಳ, ಮಾಡಿದ ಕೆಲಸ, ಯಾರ ಜತೆ ಏನು ಸಂಬಂಧ, ದಾಖಲೆ ಎಲ್ಲಿದೆ, ನಮೂದು ಬರೆದ ದಿನ.

ಸಂಬಂಧದ ಅಂಕಣವನ್ನು ಖಾಲಿ ಬಿಡಬೇಡಿ, ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಎಚ್.ವಿ. ನಂಜುಂಡಯ್ಯನವರ ನಮೂದಿನಲ್ಲಿ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಎಂದಷ್ಟೇ ಬರೆದು ನಿಲ್ಲಿಸಿದರೆ, ಅವರು ಮೈಸೂರು ಸರ್ಕಾರದ ಕೌನ್ಸಿಲರ್ ಆಗಿದ್ದರು, 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ಎಂಬ ಎರಡು ಬಾಗಿಲುಗಳು ಮುಚ್ಚಿಹೋಗುತ್ತವೆ. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಬೆಸೆಯುವುದು ಇಲ್ಲಿ ಆಗುವ ದೊಡ್ಡ ಅನಾಹುತ. ಹೆಸರಿನ ಜತೆಗೆ ವಿಳಾಸ, ತಂದೆಯ ಹೆಸರು, ಉದ್ಯೋಗಗಳಲ್ಲಿ ಎರಡಾದರೂ ಹೊಂದುವವರೆಗೆ ಎರಡು ಬೇರೆ ನಮೂದುಗಳನ್ನೇ ಇಟ್ಟುಕೊಳ್ಳಿ. ಆಮೇಲೆ ಕೂಡಿಸುವುದು ಸುಲಭ, ಬಿಡಿಸುವುದು ಕಷ್ಟ.

ಮೂಲ ಕಾಗದವೇ ನಿಮ್ಮ ಕೈಗೆ ಬಂದರೆ

ಹುಡುಕಾಟದ ನಡುವೆ ಯಾರಾದರೂ ಅಜ್ಜನ ಟ್ರಂಕನ್ನೇ ಮುಂದಿಡುವುದುಂಟು. ಮೊದಲು ಏನನ್ನೂ ವಿಂಗಡಿಸಬೇಡಿ. ಕಟ್ಟು ಕಟ್ಟಿದ ವರಸೆಯೇ ಒಂದು ಸಾಕ್ಷಿ, ಕಟ್ಟುಗಳಿಗೆ ಸಂಖ್ಯೆ ಹಾಕಿ ಇದ್ದ ಹಾಗೆಯೇ ಚಿತ್ರ ತೆಗೆಯಿರಿ. ತುಕ್ಕು ಹಿಡಿದ ಗುಂಡುಪಿನ್ನು ಎಳೆಯಬೇಡಿ, ಅಡಿಯಲ್ಲಿ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ನಿಧಾನವಾಗಿ ಬಿಡಿಸಿ. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಕಾಗದಕ್ಕೆ ಶಾಶ್ವತ ಹಾನಿ. ನುಸಿಗುಳಿಗೆ ಹಾಕಿದರೆ ಹುಳು ಸಾಯುತ್ತದೆಂಬ ಭರವಸೆ ಬೇಡ. ಒಣಗಿದ, ಗಾಳಿಯಾಡುವ ಜಾಗದಲ್ಲಿ, ಗೋಡೆಗೆ ತಾಗದಂತೆ, ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಇಡುವುದು ಅದಕ್ಕಿಂತ ಮೇಲು. ಬರಹಕ್ಕೆ 300, ಫೋಟೋಗಳಿಗೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮೂರು ಪ್ರತಿ ಇಟ್ಟು ಅದರಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿಡಿ.

ಕಾಗದವನ್ನು ಪತ್ರಾಗಾರಕ್ಕೆ ಕೊಡಲು ಮನೆಯವರು ಒಪ್ಪಿದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. ಕೊಡುಗೆ ಪತ್ರದಲ್ಲಿ ಕಾಗದಗಳ ಪಟ್ಟಿ, ಮಾಲೀಕತ್ವ ಯಾರಿಗೆ, ಯಾರು ಎಂದಿನಿಂದ ನೋಡಬಹುದು, ಬದುಕಿರುವವರ ಖಾಸಗಿ ಪತ್ರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು, ಪತ್ರಾಗಾರಕ್ಕೆ ಬೇಡವಾದದ್ದನ್ನು ವಾಪಸ್ ಮಾಡಬೇಕೇ ಎಂಬುದೆಲ್ಲ ಬರಲಿ. ಕಾಗದ ಕೊಟ್ಟ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗುವುದಿಲ್ಲ. ಭಾರತದಲ್ಲಿ ಅದು ಬರೆದವರು ತೀರಿಕೊಂಡ ಮೇಲೂ ದಶಕಗಳ ಕಾಲ ಉಳಿಯುತ್ತದೆ. ಪತ್ರಗಳನ್ನು ಅಚ್ಚುಮಾಡುವ ಅನುಮತಿ ಯಾರು ಕೊಡಬೇಕೆಂಬುದಕ್ಕೆ ಬೇರೆ ಸಾಲು ಬೇಕು. ಮನೆಯವರೆಲ್ಲರ ಸಹಿ ಇದ್ದರೆ ಒಳ್ಳೆಯದು, ಅಣ್ಣ ಕೊಟ್ಟ ಟ್ರಂಕನ್ನು ತಮ್ಮ ವಾಪಸ್ ಕೇಳಲು ಬಂದಾಗ ಆ ಹಾಳೆ ಬೇಕಾಗುತ್ತದೆ.